ಬಟ್ಟಲಿನ ಮೈಯಲ್ಲಿ ಮರದ ಗೆರೆಗಳು

ಮರದ ತುಂಡನ್ನು ಗರಗರನೆ ತಿರುಗಿಸುವ ಯಂತ್ರವಾದ ಲೇತಿನ ಮೇಲೆ ಕಡೆದ ಬಟ್ಟಲನ್ನು ಕೈಗೆತ್ತಿಕೊಂಡವರು ಮೊದಲು ಮೆಚ್ಚುವುದು ಅದರ ಮೈಮೇಲಿನ ಗೆರೆಗಳನ್ನು. ಆ ಗೆರೆಗಳನ್ನು ಯಾರೂ ಬಿಡಿಸಿದ್ದಲ್ಲ. ಹಾಗೆಂದು ಅವು ಮರದೊಳಗೆ ಅದೇ ರೂಪದಲ್ಲಿ ಅಡಗಿಕೊಂಡಿದ್ದವೂ ಅಲ್ಲ. ಮರದೊಳಗಿರುವುದು ನಡುತಿರುಳಿನ ಸುತ್ತ ಒಂದರ ಮೇಲೊಂದು ಕೂಡಿಕೊಂಡ ಬೆಳವಣಿಗೆಯ ಪದರಗಳು ಮಾತ್ರ. ಬಟ್ಟಲಿನ ಬಾಗಿದ ಮೈ ಆ ಪದರಗಳನ್ನು ಎಲ್ಲೆಲ್ಲಿ ಕತ್ತರಿಸುತ್ತದೆಯೋ ಅಲ್ಲಲ್ಲಿ ಗೆರೆ ಮೂಡುತ್ತದೆ. ಹಾಗಾಗಿ ಆಕಾರ ಬದಲಾದರೆ ಚಿತ್ತಾರವೂ ಬದಲಾಗುತ್ತದೆ. ಎರಡನ್ನೂ ಬೇರೆಬೇರೆಯಾಗಿ ನೋಡಲು ಬರುವುದಿಲ್ಲ.

ಗೆರೆ ಎಷ್ಟು ಎದ್ದು ಕಾಣುತ್ತದೆ ಎಂಬುದು ಮರದ ಜಾತಿಗೆ ಸೇರಿದ ವಿಷಯ. ಓಕ್, ಆ್ಯಶ್, ತೇಗಗಳಲ್ಲಿ ಪ್ರತಿ ವರ್ಷದ ಬೆಳವಣಿಗೆಯ ಆರಂಭದಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳು ಸಾಲಾಗಿ ಮೂಡುವುದರಿಂದ ಉಂಗುರಗಳು ಢಾಳಾಗಿ ಕಾಣುತ್ತವೆ. ಮೇಪಲ್, ಬೀಚ್ ಮರಗಳಲ್ಲಿ ಸಣ್ಣ ನಾಳಗಳು ಉಂಗುರದ ಉದ್ದಗಲಕ್ಕೂ ಹರಡಿಕೊಂಡಿರುವುದರಿಂದ ಗೆರೆಗಳು ಮಸುಕು.

ಗೆರೆಯ ಆಕಾರವನ್ನು ನಿರ್ಧರಿಸುವುದು ಜ್ಯಾಮಿತಿ. ಸಾಮಾನ್ಯವಾಗಿ ದಿಮ್ಮಿಯನ್ನು ನಡುತಿರುಳಿನ ಗುಂಟ ಉದ್ದಕ್ಕೆ ಸೀಳಿ, ಆ ಅರ್ಧದಿಂದ ಬಟ್ಟಲನ್ನು ತೆಗೆಯುತ್ತಾರೆ. ಆಗ ಕಡೆಯುವವರ ಮುಂದೆ ಎರಡು ದಾರಿಗಳಿರುತ್ತವೆ: ಬಟ್ಟಲಿನ ಬಾಯಿ ತೊಗಟೆಯ ಕಡೆಗಿರಬೇಕೇ, ತಿರುಳಿನ ಕಡೆಗಿರಬೇಕೇ? ಬಾಯಿ ತೊಗಟೆಯ ಕಡೆಗಿದ್ದರೆ ಬಟ್ಟಲು ಬಾಗುವ ದಿಕ್ಕಿಗೆ ಪದರಗಳು ಎದುರಾಗಿ ಬಾಗಿರುತ್ತವೆ. ಬಟ್ಟಲಿನ ತಳದಲ್ಲಿ, ನಾರಿನ ದಿಕ್ಕಿನಲ್ಲಿ ಉದ್ದವಾದ ಅಂಡಾಕೃತಿಗಳು ಒಂದರೊಳಗೊಂದು ಕೂತು, ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳಂತೆ ಕಾಣುತ್ತವೆ. ಬಾಯಿ ತಿರುಳಿನ ಕಡೆಗಿದ್ದರೆ ಪದರವೂ ಬಟ್ಟಲೂ ಒಂದೇ ದಿಕ್ಕಿಗೆ ಬಾಗುತ್ತವೆ, ಚಿತ್ತಾರ ಪೂರ್ತಿ ಬೇರೆಯಾಗುತ್ತದೆ. ಇಲ್ಲೊಂದು ಸೊಗಸಾದ ವಿಶೇಷವಿದೆ. ಬಟ್ಟಲು ಕರಾರುವಾಕ್ಕಾದ ಅರ್ಧಗೋಳವಾಗಿದ್ದು, ಅದರ ಕೇಂದ್ರ ತಿರುಳಿನ ಗೆರೆಯ ಮೇಲೆಯೇ ಬಿದ್ದರೆ, ಮೇಲಿನಿಂದ ನೋಡಿದಾಗ ಉಂಗುರಗಳೆಲ್ಲ ನೇರವಾದ ಸಮಾನಾಂತರ ಗೆರೆಗಳಾಗಿ ಕಾಣುತ್ತವೆ. ಗುಂಡಾದ ಮರದಲ್ಲಿ ಗುಂಡಾದ ಬಟ್ಟಲನ್ನು ಕಡೆದು ನೇರ ಗೆರೆ ಪಡೆಯುವುದು ವಿಚಿತ್ರವೆನಿಸಬಹುದು, ಆದರೆ ಲೆಕ್ಕ ಹಾಗೆಯೇ ಬರುತ್ತದೆ. ನಿಜವಾದ ಮರ ಇಷ್ಟು ಅಚ್ಚುಕಟ್ಟಾಗಿ ಬೆಳೆಯುವುದಿಲ್ಲ. ಅದಕ್ಕಾಗಿಯೇ ನುರಿತವರು ತುಂಡನ್ನು ಲೇತಿಗೆ ಬಿಗಿಯುವಾಗ ಕೇಂದ್ರವನ್ನು ಕೆಲವು ಮಿಲಿಮೀಟರ್ ಅತ್ತಿತ್ತ ಸರಿಸಿ, ಚಿತ್ತಾರ ಎರಡೂ ಬದಿಗೆ ಸಮನಾಗಿ ಬರುವಂತೆ ನೋಡಿಕೊಳ್ಳುತ್ತಾರೆ.

ಕಡೆಯುವಾಗಿನ ಕಷ್ಟವೂ ಈ ನಾರಿನಿಂದಲೇ ಬರುತ್ತದೆ. ನಾರು ಬಟ್ಟಲಿಗೆ ಅಡ್ಡಲಾಗಿ ಹಾದುಹೋಗುವುದರಿಂದ, ಪ್ರತಿ ಸುತ್ತಿನಲ್ಲೂ ಉಳಿಯ ಅಲಗು ಎರಡು ಬಾರಿ ನಾರಿನ ಪಕ್ಕವನ್ನು, ಎರಡು ಬಾರಿ ನಾರಿನ ತುದಿಯನ್ನು ಎದುರಿಸುತ್ತದೆ. 300 ಮಿಲಿಮೀಟರ್ ವ್ಯಾಸದ ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಅದರ ಅಂಚು ಸೆಕೆಂಡಿಗೆ ಸುಮಾರು 16 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಲಗು ನಾರಿನ ತುದಿಯನ್ನು ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಬಾರಿ ಹಾಯುತ್ತದೆ. ಆಸರೆಯಿಲ್ಲದ ನಾರು ಕತ್ತರಿಸುವ ಬದಲು ಕಿತ್ತು ಬರುತ್ತದೆ. ಆದ್ದರಿಂದ ಹೊರಮೈಯನ್ನು ಪಾದದಿಂದ ಅಂಚಿನ ಕಡೆಗೂ, ಒಳಮೈಯನ್ನು ಅಂಚಿನಿಂದ ತಳದ ಕಡೆಗೂ ಕಡೆಯುತ್ತಾರೆ. ಆಗ ಕತ್ತರಿಸುವ ನಾರಿನ ಹಿಂದೆ ಇನ್ನಷ್ಟು ನಾರು ಆನಿಕೊಂಡಿರುತ್ತದೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಹಸಿಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ಕೋಶಗಳ ಪೊಳ್ಳಿನಲ್ಲಿರುವ ನೀರು ಹೋಗುವಾಗ ಮರದ ಅಳತೆ ಹೆಚ್ಚೇನೂ ಬದಲಾಗದು. ತೇವಾಂಶ ಸುಮಾರು 30 ಪ್ರತಿಶತಕ್ಕಿಂತ ಕೆಳಗಿಳಿದು, ಕೋಶದ ಗೋಡೆಯೊಳಗಿನ ನೀರು ಹೊರಡಲು ಶುರುವಾದ ಮೇಲೆಯೇ ಕುಗ್ಗುವಿಕೆ ಆರಂಭ. ಪೂರ್ತಿ ಒಣಗುವಷ್ಟರಲ್ಲಿ ಅನೇಕ ಮರಗಳು ಉಂಗುರದ ಗುಂಟ ಸುಮಾರು 8 ಪ್ರತಿಶತ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಅದರ ಅರ್ಧದಷ್ಟು ಕುಗ್ಗುತ್ತವೆ. ನಾರಿನ ಉದ್ದಕ್ಕೆ ಕುಗ್ಗುವುದು 0.1ರಿಂದ 0.2 ಪ್ರತಿಶತ ಮಾತ್ರ. ಹಸಿಯಲ್ಲಿ ದುಂಡಗೆ ಕಡೆದ ಬಟ್ಟಲು ಒಣಗಿದಾಗ ಅಂಡಾಕಾರಕ್ಕೆ ತಿರುಗುವುದು ಇದರಿಂದ. ದುಂಡೇ ಬೇಕೆನ್ನುವವರು ಮೊದಲು ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪ ಗೋಡೆ ಉಳಿಸಿ ಒರಟಾಗಿ ಕಡೆದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಮತ್ತೆ ಲೇತಿಗೆ ಏರಿಸುತ್ತಾರೆ. ಕೆಲವರು ಹಸಿಯಲ್ಲೇ ತೆಳುವಾಗಿ ಕಡೆದು ಮುಗಿಸಿ, ಅದು ಹೇಗೆ ಬಾಗುತ್ತದೋ ಹಾಗೆ ಬಾಗಲು ಬಿಡುತ್ತಾರೆ. ಸ್ವಲ್ಪ ಸೊಟ್ಟಗಾದ ಅಂಚಿನಲ್ಲಿ ನಾರಿನ ದಿಕ್ಕು ಓದಲು ಸಿಗುವುದರಿಂದ ನನಗೆ ಈ ಎರಡನೆಯದೇ ಹೆಚ್ಚು ಇಷ್ಟ.

ಆಕಾರದ ವಿಷಯಕ್ಕೆ ಬಂದರೆ, ಕಣ್ಣು ಗುರುತಿಸುವುದು ಅಳತೆಗಿಂತ ಬಾಗುವಿನ ನಿರಂತರತೆಯನ್ನು. ಮೆರುಗು ಕೊಟ್ಟ ಮೈಯಲ್ಲಿ ಬೆಳಕಿನ ಪ್ರತಿಫಲನ ಬೀಳುವ ಜಾಗವನ್ನು ಆ ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬುದು ನಿರ್ಧರಿಸುತ್ತದೆ. ಬಾಗು ಒಂದೆಡೆ ತಟ್ಟನೆ ಬದಲಾದರೆ ಹೊಳಪಿನ ಪಟ್ಟಿ ಅಲ್ಲೇ ಮುರಿದಂತೆ ಕಾಣುತ್ತದೆ. ಚಿತ್ತಾರ ತುಂಬಿದ ಮರದಲ್ಲಿ ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ, ಹೀಗಾಗಿ ದುರ್ಬಲ ಆಕಾರಗಳು ಬೆಲೆಬಾಳುವ ಮರದ ಮರೆಯಲ್ಲಿ ಪಾರಾಗುವುದುಂಟು. ಅಮೆರಿಕದ ಜೇಮ್ಸ್ ಪ್ರೆಸ್ಟಿನಿ (1908–1993) ಕಡೆದ ತೀರಾ ತೆಳುಗೋಡೆಯ ಬಟ್ಟಲುಗಳು ಇದಕ್ಕೆ ತದ್ವಿರುದ್ಧ. ಒಂದೇ ಉಸಿರಿನಲ್ಲಿ ಪಾದದಿಂದ ಅಂಚಿಗೆ ಏರುವ ಅವುಗಳ ಸರಳ ಬಾಗನ್ನು ಮರದ ಗೆರೆಗಳು ಹಿಂಬಾಲಿಸುತ್ತವೆಯೇ ಹೊರತು ಮುಚ್ಚುವುದಿಲ್ಲ. ಅವುಗಳಿಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿ ಸ್ಥಾನ ಸಿಕ್ಕಿದೆ.

ಎಲ್ಲ ಚಿತ್ತಾರವೂ ಉಂಗುರಗಳಿಂದ ಬಂದದ್ದಲ್ಲ. ಕೊಳೆಯಲು ಶುರುವಾದ ಮರದಲ್ಲಿ ಹರಿದಾಡುವ ತೆಳುವಾದ ಕಪ್ಪು ಗೆರೆಗಳು ಶಿಲೀಂಧ್ರಗಳು ತಮ್ಮ ನೆಲೆಯ ಸುತ್ತ ಹಾಕಿಕೊಂಡ ಗಡಿಗಳು. ಅವುಗಳಿಗೆ ಕಪ್ಪು ಬರುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ. ಮೇಪಲ್‌ನ ಕೆಲವು ತುಂಡುಗಳಲ್ಲಿ ನಾರು ಅಲೆಯಲೆಯಾಗಿ ಬೆಳೆದಿರುತ್ತದೆ. ಏರಿದ ನಾರು ಬೆಳಕನ್ನು ಒಂದು ಕಡೆಗೆ, ಇಳಿದ ನಾರು ಇನ್ನೊಂದು ಕಡೆಗೆ ಹಾಯಿಸುವುದರಿಂದ ಬಟ್ಟಲನ್ನು ತಿರುಗಿಸಿದಂತೆಲ್ಲ ಹೊಳೆಯುವ ಪಟ್ಟೆಗಳು ಮಬ್ಬಾಗಿ, ಮಬ್ಬು ಪಟ್ಟೆಗಳು ಹೊಳೆಯುತ್ತವೆ.

ಎಣ್ಣೆ ಹಚ್ಚಿದಾಗ ಈ ಆಟ ಇನ್ನೂ ಗಾಢವಾಗುತ್ತದೆ. ಒಣಗಿದ ಮರದ ಪೊಳ್ಳುಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಗೂ ಕೋಶದ ಗೋಡೆಗೂ ವಕ್ರೀಭವನದಲ್ಲಿ, ಅಂದರೆ ಬೆಳಕನ್ನು ಬಾಗಿಸುವ ಗುಣದಲ್ಲಿ, ದೊಡ್ಡ ಅಂತರವಿರುವುದರಿಂದ ಬೆಳಕು ಮೇಲ್ಮೈಯಲ್ಲೇ ಚದುರಿ ಮರ ಬಿಳಿಚಿದಂತೆ ಕಾಣುತ್ತದೆ. ಎಣ್ಣೆಯ ವಕ್ರೀಭವನಾಂಕ ಕೋಶದ ಗೋಡೆಗೆ ಹತ್ತಿರವಾದದ್ದು, ಹಾಗಾಗಿ ಬೆಳಕು ಒಳಗಿಳಿದು ಬಣ್ಣ ಹೊತ್ತು ಹಿಂದಿರುಗುತ್ತದೆ. ಆ ಬಣ್ಣವೂ ಸ್ಥಿರವಲ್ಲ. ಬಿಸಿಲಿಗೆ ಚೆರಿ ಮರ ಕೆಂಪೇರುತ್ತದೆ, ನೇರಳೆ ಬಣ್ಣದ ಪರ್ಪಲ್‌ಹಾರ್ಟ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಬಳಿ ಇಟ್ಟ ಬಟ್ಟಲನ್ನು ಆಗಾಗ ತಿರುಗಿಸಿಡದಿದ್ದರೆ ಒಂದು ಬದಿ ಇನ್ನೊಂದಕ್ಕಿಂತ ಮೊದಲೇ ಬಣ್ಣ ಬದಲಿಸುತ್ತದೆ.