ಯಾವ ವರ್ಷಕ್ಕೆ ಹೋಲಿಸಿ ನಷ್ಟ ಎನ್ನುತ್ತೀರಿ?

ಆರೋಗ್ಯ ಅರ್ಥಶಾಸ್ತ್ರ ನನ್ನ ಕಸುಬು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: 'ಕೋವಿಡ್ ಕಾಲದಲ್ಲಿ ಲಾಕ್‌ಡೌನ್ ಮಾಡಿದ್ದು ಸರಿಯೋ ತಪ್ಪೋ?' ಸರಿ ಎಂದರೆ ಕೆಲಸ ಕಳೆದುಕೊಂಡವರಿಗೆ ಸಿಟ್ಟು, ತಪ್ಪು ಎಂದರೆ ಮನೆಯವರನ್ನು ಕಳೆದುಕೊಂಡವರಿಗೆ. ನಾನು ತಿರುಗಿ ಕೇಳುತ್ತೇನೆ: ಯಾವುದಕ್ಕೆ ಹೋಲಿಸಿ?

ಹೆಚ್ಚಿನವರು 2019ರ ವಹಿವಾಟಿನಿಂದ 2020ರದ್ದನ್ನು ಕಳೆದು, ಉಳಿದ ಕೊರತೆಯನ್ನೆಲ್ಲ ಲಾಕ್‌ಡೌನ್ ಲೆಕ್ಕಕ್ಕೆ ಬರೆಯುತ್ತಾರೆ. ಆದರೆ ಸೋಂಕೇ ಇಲ್ಲದ 2020 ಯಾವ ಸರ್ಕಾರದ ಕೈಯಲ್ಲೂ ಇರಲಿಲ್ಲ. ಹೋಲಿಸಬೇಕಾದ್ದು ನಿರ್ಬಂಧವಿಲ್ಲದೆ ಸೋಂಕು ಹಬ್ಬಿದ್ದರೆ ಆ ವರ್ಷ ಹೇಗಿರುತ್ತಿತ್ತು ಎಂಬುದಕ್ಕೆ. 2020ರ ವಸಂತದಲ್ಲಿ ಡೆನ್ಮಾರ್ಕ್ ಬಾಗಿಲು ಮುಚ್ಚಿತು, ಪಕ್ಕದ ಸ್ವೀಡನ್ ಬಹುಪಾಲು ತೆರೆದೇ ಇತ್ತು. ಬ್ಯಾಂಕ್ ವಹಿವಾಟು ಆಧರಿಸಿದ ಅಧ್ಯಯನದ ಪ್ರಕಾರ ಜನರ ಖರ್ಚು ಡೆನ್ಮಾರ್ಕ್‌ನಲ್ಲಿ ಸುಮಾರು ಶೇ 29, ಸ್ವೀಡನ್‌ನಲ್ಲಿ ಸುಮಾರು ಶೇ 25 ಕುಸಿಯಿತು. ಅಂದರೆ ಆದೇಶದ ಪಾಲು ಇವೆರಡರ ನಡುವಿನ ವ್ಯತ್ಯಾಸ, ಸುಮಾರು ನಾಲ್ಕು ಅಂಶ ಅಷ್ಟೇ. ಜನ ಆದೇಶಕ್ಕೆ ಕಾಯದೆ, ಹೆದರಿ ತಾವೇ ಮನೆ ಸೇರಿದ್ದರು.

ಇದನ್ನು ಕೇಳಿ ಲಾಕ್‌ಡೌನ್ ಪರ ಇರುವವರು ಖುಷಿಪಡುತ್ತಾರೆ. ಸ್ವಲ್ಪ ತಾಳಿ. ನಷ್ಟ ಭಯದ್ದಾದರೆ, ಸಾಯದೆ ಉಳಿದುಕೊಂಡ ಜೀವಗಳಲ್ಲಿ ಒಂದಷ್ಟು ಪಾಲೂ ಭಯದ್ದೇ. ನಷ್ಟವನ್ನು ಸೋಂಕಿನ ತಲೆಗೆ ಕಟ್ಟಿ, ಲಾಭವನ್ನು ಪೂರ್ತಿ ಆದೇಶದ ಹೆಸರಿಗೆ ಬರೆಯುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಇನ್ನು ತಡಮಾಡುವುದರ ಬೆಲೆ. ಸೋಂಕು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದೆ ಎನ್ನೋಣ. 'ವ್ಯಾಪಾರ ಹಾಳಾಗುತ್ತದೆ, ನೋಡೋಣ' ಎಂದು 12 ದಿನ ಕಾದರೆ ಪ್ರಕರಣ 16 ಪಟ್ಟು. ಏರಿದ ವೇಗದಲ್ಲಿ ಅದು ಇಳಿಯುವುದಿಲ್ಲ. ಅರ್ಧಕ್ಕಿಳಿಯಲು ಎರಡು ವಾರ ಬೇಕಾದರೆ, ಹೊರಟ ಜಾಗಕ್ಕೆ ಮರಳಲು ಎಂಟು ವಾರ. ಹನ್ನೆರಡು ದಿನದ ವ್ಯಾಪಾರ ಉಳಿಸಲು ಹೋಗಿ ಎರಡು ತಿಂಗಳ ವ್ಯಾಪಾರ ತೆತ್ತಂತಾಯಿತು. ಹಣ ಮುಖ್ಯ ಎನ್ನುವವರೇ ಎಲ್ಲರಿಗಿಂತ ಮೊದಲು ಬಾಗಿಲು ಹಾಕಬೇಕಿತ್ತು!

ಹಾಗಾದರೆ ಲಾಕ್‌ಡೌನ್‌ನಿಂದ ಹಾನಿಯೇ ಆಗಲಿಲ್ಲವೇ? ಆಯಿತು. ಆದರೆ ಅದರಲ್ಲಿ ದೊಡ್ಡ ಪಾಲು ಆ ವರ್ಷದ ಜಿಡಿಪಿಯಲ್ಲಿ ಕಾಣುವಂಥದ್ದಲ್ಲ. ಯುನೆಸ್ಕೊ ಲೆಕ್ಕದಲ್ಲಿ ಒಂದು ಹಂತದಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ತಪ್ಪಿದ ಓದಿನ ಬೆಲೆಯನ್ನು ಅವರು ದುಡಿಯುವ ವಯಸ್ಸಿನಲ್ಲಿ ತೆರುತ್ತಾರೆ. ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದ ಕ್ಷಯರೋಗಿಗಳು 2019ರಲ್ಲಿ 71 ಲಕ್ಷ, 2020ರಲ್ಲಿ 58 ಲಕ್ಷ. ರೋಗ ಕಡಿಮೆಯಾಗಿರಲಿಲ್ಲ, ಪತ್ತೆ ಹಚ್ಚುವುದು ಕಡಿಮೆಯಾಗಿತ್ತು. ಕ್ಷಯದ ಸಾವುಗಳು ದಶಕದ ನಂತರ ಮೊದಲ ಬಾರಿಗೆ ಏರಿದವು. ಇದರಲ್ಲೂ ಭಯದ ಪಾಲೆಷ್ಟು, ಆದೇಶದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಆದರೆ ಒಂದು ತಟ್ಟೆಯಲ್ಲಿ ಹಣ, ಇನ್ನೊಂದರಲ್ಲಿ ಜೀವ ಎಂಬ ಚಿತ್ರವಂತೂ ಸುಳ್ಳು. ಜೀವ ಎರಡೂ ತಟ್ಟೆಯಲ್ಲಿತ್ತು.

ಹೊರೆ ಹಂಚಿಕೆಯೂ ಸಮವಾಗಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ದುಡಿಯುವವರು (ನಾನೂ ಸೇರಿ) ಸಂಬಳ ಎಣಿಸುತ್ತ ಮನೆಯಲ್ಲಿದ್ದೆವು; ದಿನಗೂಲಿಯವರ ಆದಾಯ ಅಂದೇ ನಿಂತಿತು. ಹೊಟ್ಟೆಗಿಲ್ಲದವನು ಎಷ್ಟು ದಿನ ಒಳಗಿರುತ್ತಾನೆ? ಆದ್ದರಿಂದ ನಗದು ನೆರವನ್ನು ನಾನು ದಾನದ ಲೆಕ್ಕಕ್ಕೆ ಸೇರಿಸದೆ, ಸೋಂಕು ತಡೆಯುವ ಖರ್ಚಿನ ಪಟ್ಟಿಯಲ್ಲೇ ಬರೆಯುತ್ತೇನೆ. ಅದೇ ಹಾಳೆಯಲ್ಲಿ ಇನ್ನೊಂದು ಸಾಲೂ ಇರಬೇಕು: ಯಾವ ಅಂಕಿ ಮುಟ್ಟಿದರೆ ಆದೇಶ ಸಡಿಲವಾಗುತ್ತದೆ, ಮೊದಲು ಯಾವುದು ತೆರೆಯುತ್ತದೆ. ಶಾಲೆ ಮೊದಲು ಎನ್ನುವುದು ನನ್ನ ಮತ.