ಮೊದಲ ಆಲ್ಬಂ ಬೊಂಬಾಟ್, ಎರಡನೆಯದು ಎಲ್ಲಿ ಹೋಯ್ತು?

ಪ್ರಶ್ನೆ: ಮೊದಲ ಆಲ್ಬಂನಲ್ಲೇ ಹೆಸರು ಮಾಡಿದವರ ಎರಡನೇ ಆಲ್ಬಂ ಯಾಕೆ ಸಪ್ಪೆ ಅನ್ನಿಸುತ್ತದೆ? ಕೇಳಲೇಬೇಕಾದದ್ದು ಯಾವುದಾದರೂ ಇದೆಯಾ?
– ಮೂಡಿಗೆರೆಯ ಓದುಗರೊಬ್ಬರು

ನಿಜಕ್ಕೂ ಸಪ್ಪೆ ಇರುವುದು ಕಡಿಮೆ. ನಾವು ಸರಿಯಾಗಿ ಕೇಳದೆ ಬಿಟ್ಟಿದ್ದೇ ಜಾಸ್ತಿ.

ಮೊದಲ ಆಲ್ಬಂಗೆ ವರ್ಷಗಟ್ಟಲೆ ಕೂಡಿಟ್ಟ ಹಾಡುಗಳಿರುತ್ತವೆ. ಎರಡನೆಯದಕ್ಕೆ ಸಿಗುವುದು ಶೋಗಳ ನಡುವಿನ ಬಿಡುವು, ಮೇಲೆ ಕಂಪನಿಯ ಅವಸರ. ಅದೇ ಧಾಟಿಯಲ್ಲಿ ಹಾಡಿದರೆ ‘ಹೊಸದೇನಿಲ್ಲ’ ಅಂತೀವಿ, ದಾರಿ ಬದಲಿಸಿದರೆ ‘ಮೊದಲಿನ ಮಜಾ ಇಲ್ಲ’ ಅಂತೀವಿ. ಪಾಪ, ಅವರಾದರೂ ಏನು ಮಾಡಬೇಕು? ನಿಮ್ಮ ಕಡೆ ಹೂಮಳೆ ಬಿದ್ದ ವಾರ ಎಲ್ಲರ ಸ್ಟೇಟಸ್‌ನಲ್ಲೂ ಕಾಫಿ ಹೂವಿನ ಫೋಟೋ. ಆಮೇಲೆ ಹೂವು ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ, ಅದೇ ಬ್ಯಾಕಿಂಗ್ ಮಳೆ, ಬಂತಾ ಅಂತ ಕೇಳುವುದು ತೋಟದವರು ಮಾತ್ರ, ಅಲ್ವಾ?

ನಮ್ಮವರಿಂದಲೇ ಶುರು ಮಾಡಿ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿಯ ಲೇಬಲ್‌ನಿಂದ ಬಂತು. ‘ಮೈಸೂರ್ ಸೇ ಆಯೀ’, ‘ಗುಡುಗುಡಿಯಾ ಸೇದಿ ನೋಡೋ’ ಎಲ್ಲ ಅದರಲ್ಲೇ ಇದ್ದವು. ಅದರ ಬಲದ ಮೇಲೆ ಅವರು ಇಂಗ್ಲೆಂಡಿನ ವೇದಿಕೆಗಳನ್ನೂ ಹತ್ತಿ ಬಂದರು. ಎರಡನೆಯದು ‘ಜಗ್ ಚಂಗಾ’, ಬಂದದ್ದು 2013ರಲ್ಲಿ. ಅದರ ‘ಲೋಕದ ಕಾಳಜಿ’ ಎಲ್ಲರಿಗೂ ಗೊತ್ತು, ಆಲ್ಬಂ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಅದರಲ್ಲಿ ‘ಕೋಡಗನ ಕೋಳಿ ನುಂಗಿತ್ತಾ’ ಕೂಡ ಇದೆ. ಷರೀಫರ ಪದಗಳನ್ನು ಸಿ. ಅಶ್ವತ್ಥ್ ಗಂಟಲಲ್ಲಿ ಕೇಳಿ ಬೆಳೆದ ಕಿವಿಗೆ ಗಿಟಾರ್, ಡ್ರಮ್ಸ್ ಜೊತೆ ಅದೇ ಪದ ಕೇಳುವುದು ಸುಮ್ನೆ ಮಾತಲ್ಲ. ಮೊದಲು ಸ್ವಲ್ಪ ಮುಖ ಸಿಂಡರಿಸುತ್ತೀರಿ. ಆಮೇಲೆ ನೀವೇ ಗುನುಗುತ್ತೀರಿ. ನನ್ನ ಕೇಳಿದರೆ ಮೊದಲನೆಯದಕ್ಕಿಂತ ಇದೇ ಹದವಾಗಿದೆ.

ಹಿಂದಿ ಪಾಪ್ ಗಾಯಕ ಲಕ್ಕಿ ಅಲಿ ಅಂದರೆ ಜನಕ್ಕೆ ನೆನಪಾಗುವುದು 1996ರ ‘ಸುನೋ’, ಅದರ ‘ಓ ಸನಮ್’. 1998ರ ‘ಸಿಫರ್’ ಅದರ ನೆರಳಲ್ಲೇ ಉಳಿಯಿತು. ‘ದೇಖಾ ಹೈ ಐಸೇ ಭೀ’ ಇರುವುದು ಅದರಲ್ಲೇ. ಆ ಒಂದು ಹಾಡು ಕೇಳಿ ನಿಲ್ಲಿಸಬೇಡಿ.

ಹೊರದೇಶದ್ದು ಬೇಕಾದರೆ ಅಮೆರಿಕದ ರ್‍ಯಾಪ್ ತಂಡ ಬೀಸ್ಟೀ ಬಾಯ್ಸ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ರ್‍ಯಾಪ್ ಆಲ್ಬಂ ಇವರದೇ, 1986ರದ್ದು. ಮೂರು ವರ್ಷದ ಮೇಲೆ ‘ಪಾಲ್ಸ್ ಬೊಟಿಕ್’ ಬಂದಾಗ ಹಳೆಯ ಗಲಾಟೆ ಬಯಸಿದವರಿಗೆ ನಿರಾಸೆಯಾಯಿತು. 14ನೇ ಸ್ಥಾನಕ್ಕೇ ನಿಂತಿತು. ಆದರೆ ಅದರ ಕೆಲಸ ನೋಡಿ: ನೂರರ ಆಸುಪಾಸು ಹಳೆಯ ಹಾಡುಗಳ ತುಣುಕು ಕತ್ತರಿಸಿ ಹೊಲಿದಿದ್ದಾರೆ. 1991ರಲ್ಲಿ ಅಮೆರಿಕದ ಕೋರ್ಟು ಅನುಮತಿ ಇಲ್ಲದೆ ತುಣುಕು ಬಳಸುವಂತಿಲ್ಲ ಅಂದಮೇಲೆ ಹಾಗೆ ಮಾಡುವುದು ವಿಪರೀತ ದುಬಾರಿಯಾಯಿತು. ವೀಜರ್ ಅನ್ನೋ ರಾಕ್ ತಂಡದ ಎರಡನೇ ಆಲ್ಬಂ ‘ಪಿಂಕರ್ಟನ್’ದೂ (1996) ಇಂಥದೇ ಪಾಡು. ಆಗ ಬೈದವರೇ ಆಮೇಲೆ ಹೊಗಳಿದರು.

ಕೇಳುವ ಬಗೆ? ಶಫಲ್ ಆಫ್ ಮಾಡಿ, ಆಲ್ಬಂ ಇದ್ದ ಹಾಗೇ ಮೊದಲಿಂದ ಕೊನೆವರೆಗೂ ಬಿಡಿ. ನಿಮಗೆ ಚಾರ್ಮಾಡಿ ದಾರಿ ಇದ್ದೇ ಇದೆ. ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ‘ಜಗ್ ಚಂಗಾ’ ಹಾಕಿದರೆ ಇಳಿಯುವಷ್ಟರಲ್ಲಿ ಒಂದು ಸುತ್ತು ಆರಾಮಾಗಿ ಕೇಳಬಹುದು. ‘ಪಾಲ್ಸ್ ಬೊಟಿಕ್’ ಮಾತ್ರ ಗಾಡಿಯಲ್ಲಿ ಬೇಡ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇಲ್ಲದಿದ್ದರೆ ಅರ್ಧ ತುಣುಕು ಬಸ್ಸಿನ ಹಾರ್ನ್‌ನಲ್ಲೇ ಕಳೆದುಹೋಗುತ್ತವೆ.