ಅಕ್ಕನ ನೆಗೆಟಿವ್, ತಮ್ಮನ ಪಾಸಿಟಿವ್

"ಡಾಕ್ಟ್ರೇ, ನೆಗೆಟಿವ್ ಬಂದವಳಿಗೆ ಔಷಧಿ ಬರೆದ್ರಿ. ಪಾಸಿಟಿವ್ ಬಂದವನಿಗೆ ಏನೂ ಬೇಡ ಅಂತಿದ್ದೀರಿ. ಹಾಗಾದ್ರೆ ಈ ಟೆಸ್ಟ್ ಮಾಡಿಸೋದಾದ್ರೂ ಯಾತಕ್ಕೆ?"

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮಕ್ಕಳ ವೈದ್ಯೆಯಾಗಿರುವ ನನಗೆ, ಉಣುಗು ಕಚ್ಚಿ ಬ್ಯಾಕ್ಟೀರಿಯಾದಿಂದ ಬರುವ ಲೈಮ್ ಕಾಯಿಲೆಯ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿಲ್ಲ. ಕೇಳಿದವರು ಸಾಗರದ ಕಡೆಯ ಒಬ್ಬ ತಾಯಿ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಜನವರಿ ತಿಂಗಳು, ಹೊರಗೆ ಹಿಮ. ಅವರ ಫೋನಿನಲ್ಲಿ ಇಬ್ಬರು ಮಕ್ಕಳ ಲ್ಯಾಬ್ ರಿಪೋರ್ಟುಗಳಿದ್ದವು. ಪಕ್ಕದ ಕುರ್ಚಿಯಲ್ಲಿ ಊರಿನಿಂದ ಬಂದ ಅಜ್ಜಿ, ಶಾಲು ಹೊದ್ದು ಕೂತಿದ್ದರು. ಮಗ ಪರೀಕ್ಷೆಯ ಮಂಚದ ಮೇಲೆ ಕಾಲು ಆಡಿಸುತ್ತಿದ್ದ.

ಮೊದಲು ಅಕ್ಕನ ಕಥೆ. ಹಿಂದಿನ ಜೂನ್‌ನಲ್ಲಿ ಆ ಏಳು ವರ್ಷದ ಹುಡುಗಿಯ ಮಂಡಿಯ ಹಿಂಭಾಗದಲ್ಲಿ ಒಂದು ಕಲೆ ಎದ್ದಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಜ್ಜಿ, "ಹುಳುಕಡ್ಡಿ ಅದು, ಮುಲಾಮು ಹಚ್ಚು" ಅಂದಿದ್ದರು. ಹಚ್ಚಿದ್ದೂ ಆಯಿತು. ಕಲೆ ಕಡಿಮೆಯಾಗುವ ಬದಲು ದಿನದಿನಕ್ಕೆ ಅಗಲವಾಯಿತು. ಶನಿವಾರ ಒಂದು ತುರ್ತು ಕ್ಲಿನಿಕ್ಕಿಗೆ ಕರೆದೊಯ್ದಾಗ ಅಲ್ಲಿ ಲೈಮ್‌ಗೆ ರಕ್ತ ತೆಗೆದರು. ರಿಪೋರ್ಟು ನೆಗೆಟಿವ್ ಬಂತು, "ಲೈಮ್ ಅಲ್ಲ" ಎಂದು ಕಳಿಸಿದರು. ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದಾಗ ಅಳತೆಪಟ್ಟಿ ಇಟ್ಟು ನೋಡಿದೆ: 9 ಸೆಂಟಿಮೀಟರ್. ಚಪ್ಪಟೆಯಾಗಿತ್ತು, ಹೊಟ್ಟು ಏಳುತ್ತಿರಲಿಲ್ಲ, ತುರಿಕೆ ಇರಲಿಲ್ಲ, ಮುಟ್ಟಿದರೆ ಕೊಂಚ ಬಿಸಿ. ಹುಳುಕಡ್ಡಿಯ ಅಂಚಿನಲ್ಲಿ ಹೊಟ್ಟು ಏಳುತ್ತದೆ, ತುರಿಸುತ್ತದೆ, ಹರಡುವುದೂ ನಿಧಾನ. ನಾನು ಬೇರೆ ರಕ್ತ ಪರೀಕ್ಷೆ ಬರೆಯಲಿಲ್ಲ. 14 ದಿನಕ್ಕೆ ಅಮಾಕ್ಸಿಸಿಲಿನ್ ಬರೆದೆ.

ಈ ಕಲೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ನಮ್ಮ ಮಕ್ಕಳ ವಿಷಯದಲ್ಲಿ ಎಡವುವುದು ಇಲ್ಲೇ. ಲೈಮ್ ತಗಲಿದವರಲ್ಲಿ ನೂರಕ್ಕೆ 70ರಿಂದ 80 ಮಂದಿಗೆ ಉಣುಗು ಕಚ್ಚಿದ 3ರಿಂದ 30 ದಿನದೊಳಗೆ ಇಂಥ ಹರಡುವ ಕಲೆ ಕಾಣಿಸಿಕೊಳ್ಳುತ್ತದೆ. ಪುಸ್ತಕಗಳಲ್ಲಿ ಬಿಲ್ಲುಗಾರಿಕೆಯ ಗುರಿಹಲಗೆಯ ಹಾಗೆ, ಉಂಗುರದೊಳಗೆ ಉಂಗುರ ಇರುವ ಚಿತ್ರ ಹಾಕಿರುತ್ತಾರೆ. ಅದೂ ಹೆಚ್ಚಾಗಿ ಬಿಳಿ ಚರ್ಮದ ಮೇಲೆ. ನಾನು ನೋಡುವ ಕಲೆಗಳಲ್ಲಿ ಹೆಚ್ಚಿನವು ಉಂಗುರವಿಲ್ಲದೆ ಪೂರ್ತಿ ಒಂದೇ ಬಣ್ಣದವು. ಗೋಧಿ ಬಣ್ಣದ, ಎಣ್ಣೆಗೆಂಪು ಮೈಯ ಮಕ್ಕಳಲ್ಲಿ ಅದು ಕೆಂಪಗೂ ಕಾಣುವುದಿಲ್ಲ. ಪೆಟ್ಟು ಬಿದ್ದು ಕಂದಿದ ಹಾಗೆ, ನಸುನೇರಳೆಯಾಗಿ ಕಾಣುತ್ತದೆ. ಆದ್ದರಿಂದ ಬಣ್ಣ ನೋಡಬೇಡಿ, ಹರಡುವುದನ್ನು ನೋಡಿ. ಬಾಲ್‌ಪೆನ್ನಿನಿಂದ ಅಂಚಿನ ಸುತ್ತ ಗೆರೆ ಎಳೆದು, ಒಂದು ನಾಣ್ಯ ಪಕ್ಕದಲ್ಲಿಟ್ಟು ದಿನಕ್ಕೊಂದು ಫೋಟೋ ತೆಗೆಯಿರಿ. ಆ ಫೋಟೋಗಳು ನನಗೆ ರಕ್ತದ ರಿಪೋರ್ಟಿಗಿಂತ ಎಷ್ಟೋ ಪಾಲು ಉಪಯೋಗಕ್ಕೆ ಬರುತ್ತವೆ.

ಅಷ್ಟಿದ್ದೂ ರಕ್ತ ಯಾಕೆ ನೆಗೆಟಿವ್ ಬಂತು? ಆ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮಗುವಿನ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ಪ್ರತಿಕಾಯ ಅಳತೆಗೆ ಸಿಗುವಷ್ಟಾಗಲು ವಾರಗಳು ಬೇಕು. ಕಲೆ ಎದ್ದ ಹೊಸತರಲ್ಲಿ ರಕ್ತ ತೆಗೆದರೆ ನಿಜವಾಗಿ ಲೈಮ್ ಇರುವ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೆಗೆಟಿವ್ ಬರುತ್ತದೆ. ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಮೊಳಕೆ ಹುಡುಕಿದ ಹಾಗೆ. ಬೇಗ ಔಷಧಿ ಕೊಟ್ಟರೆ ಕೆಲವರ ರಕ್ತ ಆಮೇಲೂ ಪಾಸಿಟಿವ್ ಆಗುವುದಿಲ್ಲ. ಅಮೆರಿಕದಲ್ಲಿ ಲೈಮ್ ಇರುವ ಪ್ರದೇಶದ ಮಗುವಿಗೆ ಬೇಸಿಗೆಯಲ್ಲಿ ಸ್ಪಷ್ಟವಾದ ಕಲೆ ಕಂಡರೆ ರಕ್ತ ಪರೀಕ್ಷೆಯೇ ಬೇಡ, ಚಿಕಿತ್ಸೆ ಶುರುಮಾಡಿ ಎಂದು ವೈದ್ಯಕೀಯ ಮಾರ್ಗಸೂಚಿ ಹೇಳುವುದು ಇದೇ ಕಾರಣಕ್ಕೆ. ಆ ಕ್ಲಿನಿಕ್ಕಿನಲ್ಲಿ ಲ್ಯಾಬಿನ ತಪ್ಪೇನೂ ಇರಲಿಲ್ಲ. ಆರನೇ ದಿನದ ರಕ್ತಕ್ಕೆ ಆರನೇ ವಾರದ ಪ್ರಶ್ನೆ ಕೇಳಿದ್ದೇ ತಪ್ಪು.

ಅದೇ ಪರೀಕ್ಷೆ ಇನ್ನೊಂದು ಮಗುವಿನಲ್ಲಿ ಬಹಳ ಗಟ್ಟಿ. ಎರಡು ವರ್ಷದ ಹಿಂದೆ ಇದೇ ಮನೆಯ ಹುಡುಗನ ಬಲ ಮಂಡಿ ಚಕ್ಕೋತದ ಹಣ್ಣಿನಂತೆ ಊದಿತ್ತು. ನೋವು ಅಂಥದ್ದೇನಿರಲಿಲ್ಲ, ಕುಂಟುತ್ತಲೇ ಆಡುತ್ತಿದ್ದ. ಲೈಮ್ ಮಂಡಿಯ ಲಕ್ಷಣವೇ ಅದು. ಹೀಗೆ ಕೀಲು ಊದುವುದು ಸೋಂಕು ತಗಲಿ ವಾರ, ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ದೇಹ ಪ್ರತಿಕಾಯವನ್ನು ಸಾಕಷ್ಟು ಮಾಡಿಕೊಂಡಿರುತ್ತದೆ. ಈ ಹಂತದಲ್ಲಿ ಐಜಿಜಿ, ಅಂದರೆ ನಿಧಾನವಾಗಿ ಹುಟ್ಟಿ ಬಹುಕಾಲ ಉಳಿಯುವ ಬಗೆಯ ಪ್ರತಿಕಾಯದ ಪರೀಕ್ಷೆ ಹೆಚ್ಚುಕಮ್ಮಿ ಎಲ್ಲ ರೋಗಿಗಳನ್ನೂ ಹಿಡಿದುಬಿಡುತ್ತದೆ. ನೆಗೆಟಿವ್ ಬಂದರೆ ಮಂಡಿ ಊದಲು ಬೇರೆ ಕಾರಣ ಹುಡುಕಬೇಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅವನಿಗೆ ಪಾಸಿಟಿವ್ ಬಂತು, 28 ದಿನ ಔಷಧಿ ಕೊಟ್ಟೆವು, ಮಂಡಿ ಇಳಿಯಿತು. ಇವೆರಡರ ನಡುವಿನದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮುಖದ ಒಂದು ಭಾಗ ಜೋತುಬೀಳುವುದು. ಅಲ್ಲಿ ಪರೀಕ್ಷೆ ಹೆಚ್ಚಿನ ಮಕ್ಕಳಲ್ಲಿ ನಿಜ ಹೇಳುತ್ತದೆ, ಆದರೆ ಮೊದಲ ದಿನಗಳಲ್ಲಿ ತಪ್ಪುವುದೂ ಉಂಟು. ಅನುಮಾನ ಉಳಿದರೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಯುತ್ತೇವೆ.

ಹಾಗಾದರೆ ಈ ಜನವರಿಯ ಪಾಸಿಟಿವ್ ಏನು? ಹುಡುಗ ಎರಡು ತಿಂಗಳಿಂದ ಸುಸ್ತು ಅನ್ನುತ್ತಿದ್ದ, ಶಾಲೆಯಿಂದ ಬಂದವನೇ ಮಲಗುತ್ತಿದ್ದ. ಕಲೆ ಇಲ್ಲ, ಜ್ವರ ಇಲ್ಲ, ಕೀಲುಗಳು ಚೆನ್ನಾಗಿವೆ. ಬೇರೆ ಕಡೆ ಯಾರೋ ಲೈಮ್ ಪರೀಕ್ಷೆ ಮಾಡಿಸಿದ್ದರು, ಐಜಿಜಿ ಪಾಸಿಟಿವ್. ಅದು ಸುಳ್ಳು ರಿಪೋರ್ಟಲ್ಲ, ಹಳೆಯ ರಿಪೋರ್ಟು. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತೇವಲ್ಲ, ಹಾಗೆ. ಕಾಯಿಲೆ ವಾಸಿಯಾಗಿ 10-20 ವರ್ಷ ಆದವರ ರಕ್ತದಲ್ಲೂ ಲೈಮ್ ಪ್ರತಿಕಾಯ ಸಿಕ್ಕಿದೆ. ಆದ್ದರಿಂದ ಔಷಧಿ ಮುಗಿದ ಮೇಲೆ "ವಾಸಿಯಾಯಿತೇ ನೋಡೋಣ" ಎಂದು ಈ ಪರೀಕ್ಷೆ ಮಾಡಿಸುವುದಕ್ಕೆ ಅರ್ಥವಿಲ್ಲ. ಲೈಮ್ ಮತ್ತೆ ತಗಲಬಹುದು, ನಿಜ. ಆದರೆ ಅದನ್ನು ಹೊಸ ಕಲೆ, ಹೊಸದಾಗಿ ಊದಿದ ಕೀಲು ನೋಡಿ ಹೇಳಬೇಕು.

ರಿಪೋರ್ಟು ಕೈಗೆ ಬಂದ ರಾತ್ರಿಯ ಸಂಕಟ ನನಗೆ ಗೊತ್ತು. ಡಾಕ್ಟರು ನೋಡುವ ಮೊದಲೇ ಅದು ಪೋಷಕರ ಫೋನಿಗೆ ಬಂದಿರುತ್ತದೆ. 1994ರಲ್ಲಿ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಸೇರಿದ ತಜ್ಞರು ಒಂದು ಪದ್ಧತಿ ಗೊತ್ತುಮಾಡಿದರು: ಮೊದಲು ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆ, ಅದು ಪಾಸಿಟಿವ್ ಅಥವಾ ಅನುಮಾನವಾದರೆ ಮಾತ್ರ ವೆಸ್ಟರ್ನ್ ಬ್ಲಾಟ್. ಬ್ಲಾಟ್‌ನಲ್ಲಿ ಸಾಲಾಗಿ ಪಟ್ಟಿಗಳು, ಅಂದರೆ ಬ್ಯಾಂಡುಗಳು; ಒಂದೊಂದೂ ರೋಗಾಣುವಿನ ಒಂದೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ತೋರಿಸುತ್ತದೆ. ಸೋಂಕಿನ ಶುರುವಿನಲ್ಲಿ ಹುಟ್ಟುವ ಪ್ರತಿಕಾಯವಾದ ಐಜಿಎಂ ಪಾಸಿಟಿವ್ ಅನ್ನಲು 3ರಲ್ಲಿ 2 ಬೇಕು, ಐಜಿಜಿ ಪಾಸಿಟಿವ್ ಅನ್ನಲು 10ರಲ್ಲಿ 5. ಮೂರು ನಾಲ್ಕು ಬ್ಯಾಂಡ್ ಬಂದರೂ ಐಜಿಜಿ ನೆಗೆಟಿವ್ವೇ. ಆದರೆ ಎಷ್ಟೋ ಲ್ಯಾಬ್‌ಗಳ ರಿಪೋರ್ಟಿನಲ್ಲಿ ಕಂಡ ಒಂದೊಂದು ಬ್ಯಾಂಡಿನ ಮುಂದೂ ಕೆಂಪಕ್ಷರದಲ್ಲಿ "ಅಬ್ನಾರ್ಮಲ್" ಎಂದಿರುತ್ತದೆ. ಅಪ್ಪನೊಬ್ಬ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಬ್ಯಾಂಡ್ 41 ಪ್ರೆಸೆಂಟ್ ಅಂತಿದೆ ಮೇಡಂ" ಅಂದಾಗ ಅವರ ದನಿ ನಡುಗುತ್ತಿತ್ತು. 41 ಅನ್ನುವುದು ರೋಗಾಣುವಿನ ಬಾಲದ ಪ್ರೋಟೀನು. ಅಂಥದ್ದೇ ಪ್ರೋಟೀನು ನಮ್ಮ ಬಾಯಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳಲ್ಲೂ ಇದೆ. ಲೈಮ್ ಕಂಡೇ ಇಲ್ಲದ ಎಷ್ಟೋ ಆರೋಗ್ಯವಂತರ ರಕ್ತದಲ್ಲಿ 41 ಸಿಗುತ್ತದೆ. ಬ್ಯಾಂಡ್ ಎಣಿಸುವ ಈ ಕಷ್ಟ ಇಲ್ಲದ, ಎರಡು ಬೇರೆ ಬೇರೆ ಎಲೈಸಾ ಮಾದರಿಯ ಪರೀಕ್ಷೆಗಳನ್ನೇ ಒಂದಾದ ಮೇಲೊಂದು ಮಾಡುವ ಕ್ರಮಕ್ಕೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಶುರುವಿನ ಹಂತದಲ್ಲಿ ಅದು ಸ್ವಲ್ಪ ಹೆಚ್ಚು ಮಕ್ಕಳನ್ನು ಹಿಡಿಯುತ್ತದೆ.

ಐಜಿಎಂ ಬಗ್ಗೆ ಒಂದು ಎಚ್ಚರಿಕೆ: ಲಕ್ಷಣ ಶುರುವಾಗಿ 30 ದಿನ ದಾಟಿದ ಮೇಲೆ ಐಜಿಎಂ ಒಂದೇ ಪಾಸಿಟಿವ್ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಬೇರೆ ವೈರಸ್ ಸೋಂಕುಗಳಲ್ಲೂ, ಉದಾಹರಣೆಗೆ ಮಾನೋ ಎಂದು ಇಲ್ಲಿ ಕರೆಯುವ ಗಂಟಲು-ಗ್ರಂಥಿ ಜ್ವರದಲ್ಲಿ, ಅದು ಸುಳ್ಳೇ ಪಾಸಿಟಿವ್ ಆಗುತ್ತದೆ.

ಆ ತಾಯಿ ಸಾಫ್ಟ್‌ವೇರ್‌ನಲ್ಲಿರುವವರು. ಅವರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅಂಕಿಗಳು ಅರ್ಥವಾಗಲೆಂದು ಇಟ್ಟುಕೊಂಡವು ಅಷ್ಟೆ. ಬರೀ ಸುಸ್ತು ಎಂದು ಬಂದ 1000 ಮಕ್ಕಳಿದ್ದಾರೆ, ಅವರಲ್ಲಿ ನಿಜವಾಗಿ ಲೈಮ್ ಇರುವವರು 5 ಅನ್ನಿ. ಪರೀಕ್ಷೆ 4 ಮಂದಿಯನ್ನು ಹಿಡಿಯಿತು. ಕಾಯಿಲೆ ಇಲ್ಲದ ನೂರು ಮಕ್ಕಳಲ್ಲಿ 2 ಮಕ್ಕಳಿಗೆ ಅದು ತಪ್ಪಾಗಿ ಪಾಸಿಟಿವ್ ಹೇಳುತ್ತದೆ ಎಂದುಕೊಂಡರೆ ಉಳಿದ 995ರಲ್ಲಿ ಸುಮಾರು 20 ಸುಳ್ಳು ಪಾಸಿಟಿವ್. ಒಟ್ಟು 24 ಪಾಸಿಟಿವ್‌ನಲ್ಲಿ ನಿಜವಾದವು 4. ಅದೇ ಪರೀಕ್ಷೆಯನ್ನು ಕನೆಕ್ಟಿಕಟ್‌ನಲ್ಲಿ ಜುಲೈ ತಿಂಗಳಲ್ಲಿ ಮಂಡಿ ಊದಿಸಿಕೊಂಡು ಬಂದ 1000 ಮಕ್ಕಳಿಗೆ ಮಾಡಿ. ಅವರಲ್ಲಿ 300 ಮಂದಿಗೆ ಲೈಮ್ ಇದೆ ಅನ್ನಿ. 290 ನಿಜ ಪಾಸಿಟಿವ್, 14 ಸುಳ್ಳು. ಯಂತ್ರ ಅದೇ, ಟ್ಯೂಬು ಅದೇ. ಅವರು ಕಾಗದವನ್ನು ಸ್ವಲ್ಪ ಹೊತ್ತು ನೋಡಿ, "ಅಂದ್ರೆ ಟೆಸ್ಟ್ ನಂಬಬಹುದಾ ಅಂತ ಕೇಳೋ ಮೊದಲು ಯಾವ ಮಗುಗೆ ಅಂತ ಕೇಳ್ಬೇಕು" ಅಂದರು. ಬೆಂಗಳೂರು ಬಿಟ್ಟು ಹೊರಗೆ ಹೋಗಿಯೇ ಇಲ್ಲದ ಮಗುವಿಗೆ ಯಾರಾದರೂ ಲೈಮ್ ಪರೀಕ್ಷೆ ಬರೆದರೆ ನೆನಪಿಗೆ ಬರಬೇಕಾದ್ದೂ ಇದೇ ಲೆಕ್ಕ. ಬೇಸಿಗೆ ರಜೆಯನ್ನು ನ್ಯೂಜೆರ್ಸಿಯ ಚಿಕ್ಕಪ್ಪನ ಮನೆಯಲ್ಲಿ ಕಳೆದು ಬಂದ ಮಗುವಿನ ಮಂಡಿ ಊದಿದ್ದರೆ ಮಾತು ಬೇರೆ. ಆಗ ಊರಿನ ಡಾಕ್ಟರಿಗೆ ಪ್ರಯಾಣದ ವಿಷಯ ತಪ್ಪದೆ ಹೇಳಿ.

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಕೇಳಿದರು: "ಡಾಕ್ಟ್ರಮ್ಮ, ನಮ್ಮ ಕಡೆ ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ ಅಂತೀವಿ. ಇದೂ ಅದೇನಾ?" ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ವೈರಸ್‌ನಿಂದ ಬರುವಂಥದ್ದು. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲೇ ಆ ವೈರಸ್ ಇರುತ್ತದೆ, ಪಿಸಿಆರ್‌ನಲ್ಲಿ ಸಿಗುತ್ತದೆ. ಆದ್ದರಿಂದ ಅಲ್ಲಿ ಬೇಗ ರಕ್ತ ಕೊಟ್ಟಷ್ಟೂ ಒಳ್ಳೆಯದು. ಲೈಮ್ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಅದು ರಕ್ತದಲ್ಲಿ ಬಹಳ ಹೊತ್ತು ನಿಲ್ಲದೆ ಚರ್ಮ, ಕೀಲು, ನರಗಳ ಕಡೆ ಹೋಗುತ್ತದೆ. ಹಾಗಾಗಿ ರಕ್ತದ ಪಿಸಿಆರ್ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಎರಡೂ ಕಡೆಯದು ಉಣುಗು, ಆದರೆ ಜಾತಿ ಬೇರೆ, ಕಾಲವೂ ಬೇರೆ. ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ, ಇಲ್ಲಿ ಮುಖ್ಯವಾಗಿ ಮೇಯಿಂದ ಜುಲೈ.

ಪರೀಕ್ಷೆಯಿಂದ ಸಮಾಧಾನವಾಗದ ತಂದೆತಾಯಿ ಕೈಯಿಂದ ನೂರಾರು ಡಾಲರ್ ಕೊಟ್ಟು ಬೇರೆ ಪರೀಕ್ಷೆಗಳಿಗೆ ಹೋಗುವುದನ್ನು ನೋಡಿದ್ದೇನೆ. ಮೂತ್ರದಲ್ಲಿ ಲೈಮ್ ಹುಡುಕುವುದು, ಸಿಡಿ57 ಎಂಬ ಕಣದ ಎಣಿಕೆ, ತಮ್ಮದೇ ನಿಯಮದಂತೆ ಎರಡು ಬ್ಯಾಂಡಿಗೇ ಐಜಿಜಿ ಪಾಸಿಟಿವ್ ಕೊಡುವ ಲ್ಯಾಬುಗಳು. ಇವುಗಳನ್ನು ನಂಬಿ ಮಗುವಿಗೆ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಆದರೆ ಆ ತಂದೆತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಈ ಕಾಯಿಲೆಗೆ ಹೆಸರು ಬಂದದ್ದೇ ಸುಮ್ಮನೆ ಕೂರದ ತಾಯಂದಿರಿಂದ. 1975ರಲ್ಲಿ ನಮ್ಮ ಇದೇ ರಾಜ್ಯದ ಲೈಮ್ ಊರಿನ ಪಾಲಿ ಮರ್ರೆ ಎಂಬ ತಾಯಿ, ತನ್ನ ಮನೆಯವರ, ಸುತ್ತಲಿನ ಮಕ್ಕಳ ಕೀಲುನೋವಿನ ವಿವರ ಬರೆದಿಟ್ಟುಕೊಂಡು ಆರೋಗ್ಯ ಇಲಾಖೆಯ ಬಾಗಿಲು ತಟ್ಟಿದರು. ಅದಕ್ಕೂ ಮೊದಲು ವರ್ಷಗಟ್ಟಲೆ ಡಾಕ್ಟರುಗಳು ಅವರ ಮಾತು ನಂಬಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಮತ್ತು ಸಂಗಡಿಗರು 1977ರಲ್ಲಿ ವರದಿ ಮಾಡಿದ 51 ರೋಗಿಗಳಲ್ಲಿ 39 ಮಂದಿ ಮಕ್ಕಳು. ತಾಯಿ ಬರೆದಿಟ್ಟ ತಾರೀಖುಗಳನ್ನು ನಾನು ಯಾವತ್ತೂ ಪಕ್ಕಕ್ಕಿಡುವುದಿಲ್ಲ.

ಹುಡುಗನ ಸುಸ್ತಿಗೆ ಕಾರಣ ಹುಡುಕಲು ಬೇರೆ ರಕ್ತ ಪರೀಕ್ಷೆ ಬರೆದೆ. ಕಬ್ಬಿಣದ ಅಂಶ ತೀರಾ ಇಳಿದಿತ್ತು. ಊಟದಲ್ಲಿ ಮೊಸರನ್ನ ಬಿಟ್ಟು ಬೇರೇನೂ ಬೇಡ ಎನ್ನುವ ಹುಡುಗ. ಕಬ್ಬಿಣದ ಟಾನಿಕ್ ಶುರುಮಾಡಿ, ಮೂರು ತಿಂಗಳಲ್ಲಿ ಮತ್ತೆ ಫುಟ್‌ಬಾಲ್ ಆಡತೊಡಗಿದ.

ಜೂನ್‌ನಲ್ಲಿ ಆ ತಾಯಿಯ ಮೆಸೇಜ್ ಬಂತು. ಮಗಳ ಎಡಗಿವಿಯ ಹಿಂದೆ ಉಣುಗು. ಈ ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಸ್ನಾನ ಮಾಡಿಸುವಾಗ ಕೂದಲಂಚು, ಕಂಕುಳು, ತೊಡೆಸಂದು, ಮಂಡಿಯ ಹಿಂದೆ ಬೆರಳಾಡಿಸಿ ನೋಡಿದರೇ ಸಿಗುವುದು. ಸುಣ್ಣ, ಸೀಮೆಎಣ್ಣೆ ಯಾವುದನ್ನೂ ಹಚ್ಚದೆ, ಹುಬ್ಬಿನ ಕೂದಲು ಕೀಳುವ ಪ್ಲಕರ್‌ನಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆದಿದ್ದರು. ಕಚ್ಚಿಕೊಂಡು 36 ಗಂಟೆ ದಾಟಿದ್ದರೆ, ರಕ್ತ ಕುಡಿದು ಉಬ್ಬಿದ್ದರೆ, ತೆಗೆದ 72 ಗಂಟೆಯೊಳಗೆ ಒಂದೇ ಒಂದು ಸಲ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಎಂಟು ವರ್ಷದೊಳಗಿನ ಮಕ್ಕಳಿಗೂ ಅಷ್ಟು ಕೊಟ್ಟರೆ ಹಲ್ಲಿಗೆ ತೊಂದರೆಯಿಲ್ಲ. ಕಚ್ಚಿದ ದಿನ ರಕ್ತ ಪರೀಕ್ಷೆಯಿಂದ ಏನೂ ತಿಳಿಯದು, ಉಣುಗನ್ನೇ ಲ್ಯಾಬಿಗೆ ಕಳಿಸಿಯೂ ಪ್ರಯೋಜನವಿಲ್ಲ.

ಅವರು ರಕ್ತ ಪರೀಕ್ಷೆ ಕೇಳಲಿಲ್ಲ. ಫ್ರಿಜ್ಜಿನ ಪಕ್ಕ ನೇತುಹಾಕಿದ ಊರಿನ ಕ್ಯಾಲೆಂಡರಿನ ಫೋಟೋ ಕಳಿಸಿದ್ದರು. 9ನೇ ತಾರೀಖಿನ ಚೌಕದಲ್ಲಿ ಸಣ್ಣಕ್ಷರದಲ್ಲಿ: "ಎಡಗಿವಿ ಹಿಂದೆ. ನಿನ್ನೆ ಸ್ನಾನದಲ್ಲಿ ಇರಲಿಲ್ಲ. ಉಬ್ಬಿಲ್ಲ." ಜುಲೈ 9ರ ಚೌಕಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಔಷಧಿ ಬೇಡ, ಅಲ್ಲಿಯವರೆಗೆ ಚರ್ಮ ನೋಡುತ್ತಿರಿ ಎಂದು ಬರೆದೆ.